ಆನೆಕಾಲಲ್ಲ

ಪೂವಮ್ಮನ ಕಾಲುಗಳನ್ನು ಮೂವತ್ತು ವರ್ಷಗಳಿಂದ ಗಂಡ ಉತ್ತಯ್ಯನನ್ನು ಬಿಟ್ಟು ಬೇರೆ ಯಾರೂ ನೋಡಿರಲಿಲ್ಲ. ಸುಬೇದಾರ್ ಉತ್ತಯ್ಯ ಹೃದಯಾಘಾತದಲ್ಲಿ ತೀರಿಕೊಂಡ ಮೇಲೆ ಆ ಒಬ್ಬನೂ ಇಲ್ಲವಾದ. ಘಾಜಿಯಾಬಾದಿನ ಮೋಹನ್ ನಗರದ ಹತ್ತಿರ, ಲಿಫ್ಟು ಆಗಾಗ ಕೈಕೊಡುವ ಒಂದು ಹಳೇ ಅಪಾರ್ಟ್‌ಮೆಂಟಿನ ಎರಡನೇ ಮಹಡಿಯಲ್ಲಿ ಆಕೆಯ ವಾಸ. ಅಕ್ಕಪಕ್ಕದವರ ಬಾಯಲ್ಲಿ ಆಕೆ ಫೌಜಿ ಆಂಟಿ. ಚಳಿಯಿರಲಿ, ಬೆವರು ಕಿತ್ತು ಬರುವ ಬೇಸಿಗೆಯಿರಲಿ, ನೆಲ ಗುಡಿಸುವಷ್ಟು ಉದ್ದದ ಅಗಲ ಸಲ್ವಾರು. ಅದರ ಕೆಳಗೆ ಗಂಡಸರ ಅಳತೆಯ ಕ್ಯಾನ್ವಾಸ್ ಬೂಟು. ಬೂಟಿನ ಮೇಲ್ಭಾಗ ಕತ್ತರಿಸಿ ಅಗಲದ ಎಲಾಸ್ಟಿಕ್ ಕೂಡಿಸಿಕೊಂಡವಳು ತಾನೇ. ಹೊಲಿಗೆ ಆಕೆಯ ಕಸುಬು. ಸೊಸೈಟಿಯ ಹೆಂಗಸರ ಬ್ಲೌಸು, ಮಕ್ಕಳ ಯೂನಿಫಾರ್ಮು, ಕಿಟಕಿಯ ಪರದೆ ಎಲ್ಲವೂ ಆಕೆಯ ಕೈಯಲ್ಲೇ ಆಗಬೇಕು. ಮಿಷನ್ನು ತುಳಿಯಲಾಗದೆ ಹೋದಾಗ ಉತ್ತಯ್ಯ ಅದಕ್ಕೊಂದು ಮೋಟಾರು ಕೂರಿಸಿ, ಕಾಲಿನ ಬದಲು ಮೊಣಕೈಯಿಂದ ಒತ್ತುವಂತೆ ಗುಂಡಿಯನ್ನು ಮೇಲಕ್ಕೆ ತಂದುಕೊಟ್ಟಿದ್ದ. ಹೆಂಡತಿಯ ಕಾಲಿನ ಬಗ್ಗೆ ಅವನು ಒಂದು ಮಾತನ್ನೂ ಹೆಚ್ಚಾಗಿ ಆಡಿದವನಲ್ಲ. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಹಚ್ಚುತ್ತಿದ್ದ, ಅಷ್ಟೆ.

ಜನವರಿಯ ಮಂಜು ದಟ್ಟವಾಗಿದ್ದ ಒಂದು ಶನಿವಾರ ಬೆಳಿಗ್ಗೆ ಆಕೆಗೊಂದು ಫೋನು ಬಂತು.

"ಪೂವತ್ತೆ? ನಾನು ಅಕ್ಷಿತಾ. ಮಾಚಯ್ಯನ ಮಗಳು. ಗುರುಗ್ರಾಮದಿಂದ ಮಾತಾಡ್ತಿದ್ದೀನಿ. ನಿಮ್ಮನ್ನ ನೋಡಬೇಕಿತ್ತು. ಇವತ್ತೇ ಬರಲಾ?"

ಪೂವಮ್ಮನ ಕೈಯಲ್ಲಿದ್ದ ಕತ್ತರಿ ಬಟ್ಟೆಯ ಮೇಲೆ ಹಾಗೇ ನಿಂತಿತು. ಮಾಚಯ್ಯ ಆಕೆಯ ಒಬ್ಬನೇ ತಮ್ಮ. ಊರಲ್ಲಿ, ವಿರಾಜಪೇಟೆಯ ಹತ್ತಿರ, ಹೆಂಡತಿ ತಂಗಮ್ಮನ ಜೊತೆ ಇದ್ದಾನೆ. ಉತ್ತಯ್ಯ ಸತ್ತಾಗ ಒಬ್ಬನೇ ಬಂದು ಎರಡು ದಿನ ಇದ್ದು ಹೋಗಿದ್ದ. ಅವನ ಮಗಳು ಗುರುಗ್ರಾಮದಲ್ಲಿ ಯಾವುದೋ ದೊಡ್ಡ ಕಂಪನಿಯಲ್ಲಿದ್ದಾಳೆಂಬುದು ಆಕೆಗೆ ಗೊತ್ತಿತ್ತು. ಅವಳಾಗಿ ಫೋನು ಮಾಡುತ್ತಾಳೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

"ಬಾ. ಮೆಟ್ರೋ ಹಿಡಿ, ಕಾಶ್ಮೀರಿ ಗೇಟಲ್ಲಿ ಲೈನು ಬದಲಾಯಿಸು. ಮಂಜಿದೆ, ಟ್ಯಾಕ್ಸಿ ಹಿಡಿಯೋಕೆ ಹೋಗಬೇಡ," ಎಂದಷ್ಟೇ ಹೇಳಿ ಫೋನಿಟ್ಟಳು.

ಮಧ್ಯಾಹ್ನದ ಹೊತ್ತಿಗೆ ಬಾಗಿಲು ತಟ್ಟಿದ ಹುಡುಗಿ ತೆಳ್ಳಗೆ ಎತ್ತರಕ್ಕಿದ್ದಳು. ಮೂವತ್ತರ ಆಸುಪಾಸು. ಎದುರಿನ ಬ್ಲಾಕೇ ಕಾಣದಂಥ ಮಬ್ಬಿನಲ್ಲೂ ಕಣ್ಣಿಗೆ ಕಪ್ಪು ಕನ್ನಡಕ. ಒಳಗೆ ಬಂದು ಕುಳಿತ ಮೇಲೂ ಅವಳದನ್ನು ತೆಗೆಯಲಿಲ್ಲ. ಪೂವಮ್ಮ ಟೀ ಕೊಟ್ಟಳು. ಕಪ್ಪು ಹಿಡಿದ ಹುಡುಗಿಯ ಬೆರಳು ಸಣ್ಣಗೆ ನಡುಗುತ್ತಿದ್ದವು. ಹೀಟರ್ ಹಾಕದ ಕೋಣೆಯಲ್ಲಿ ಪೂವಮ್ಮ ಶಾಲು ಹೊದ್ದು ಕುಳಿತಿದ್ದರೆ, ಅವಳು ಬಂದವಳೇ ಜಾಕೆಟ್ ಕಳಚಿ ಪಕ್ಕಕ್ಕಿಟ್ಟಿದ್ದಳು.

ಪೂವಮ್ಮ ಆ ಬೆರಳುಗಳನ್ನು ನೋಡಿದಳು. ಕಳಚಿಟ್ಟ ಜಾಕೆಟ್ಟನ್ನು ನೋಡಿದಳು. ಆಮೇಲೆ ಮೆಲ್ಲಗೆ, "ಕನ್ನಡಕ ತೆಗಿ," ಎಂದಳು.

ಅಕ್ಷಿತಾ ತೆಗೆದಳು. ರೆಪ್ಪೆ ಮೇಲಕ್ಕೆ ಸರಿದು, ಕಣ್ಣಗುಡ್ಡೆ ಮುಂದೆ ಬಂದು, ಕಪ್ಪಿನ ಮೇಲೂ ಬಿಳಿ ಕಾಣುವ ಕಣ್ಣುಗಳು. ಅಂಚೆಲ್ಲ ಕೆಂಪು. ಯಾರನ್ನೋ ಗದರಿಸಲು ಹೊರಟು ಅರ್ಧಕ್ಕೆ ನಿಂತಂಥ ನೋಟ. ಪೂವಮ್ಮ ತನ್ನ ಮೂವತ್ತೆರಡನೇ ವಯಸ್ಸಿನಲ್ಲಿ ಜಬಲ್ಪುರದ ಕ್ವಾರ್ಟರ್ಸಿನ ಕನ್ನಡಿಯಲ್ಲಿ ಪ್ರತಿದಿನ ನೋಡುತ್ತಿದ್ದ ಕಣ್ಣುಗಳೇ ಅವು.

"ಆಫೀಸಲ್ಲಿ ಎಲ್ಲರೂ ನಾನು ಗುಸ್ಸಾದಲ್ಲಿದ್ದೀನಿ ಅಂದ್ಕೋತಾರೆ, ಅತ್ತೆ," ಎಂದಳು ಅಕ್ಷಿತಾ. ಮಾಚಯ್ಯನೂ ಫೌಜಿನಲ್ಲಿದ್ದವನೇ; ಕಂಟೋನ್ಮೆಂಟುಗಳಲ್ಲಿ ಬೆಳೆದ ಹುಡುಗಿ. ಮನೆಮಾತಾದ ಕೊಡವ ಅವಳಿಗೆ ಅರ್ಥವಾಗುತ್ತಿತ್ತೇ ಹೊರತು ನಾಲಿಗೆಗೆ ಬರುತ್ತಿರಲಿಲ್ಲ. ಮೂರು ಭಾಷೆ ಕಲಸಿದ ಕನ್ನಡ ಅವಳದು. "ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಕೂತ್ಕೋತೀನಿ. ಗ್ರೇವ್ಸ್ ಡಿಸೀಸ್ ಅಂತೆ. ಥೈರಾಯ್ಡು. ಎಂಟು ತಿಂಗಳಿಂದ ಮಾತ್ರೆ ತಗೋತಿದ್ದೀನಿ. ಮನೇಲಿ ಯಾರಿಗಾದರೂ ಇತ್ತಾ ಅಂತ ಡಾಕ್ಟರ್ ಕೇಳಿದ್ರು. ಮಮ್ಮಿ ಯಾರಿಗೂ ಇಲ್ಲ ಅಂದ್ಬಿಟ್ಲು. ಆಮೇಲೆ ಪಪ್ಪಾ ಬೇರೆಯಾಗಿ ಫೋನು ಮಾಡಿ, ನಿನ್ನ ಪೂವತ್ತೆಗೆ ಕುತ್ತಿಗೆ ಆಪರೇಷನ್ ಆಗಿತ್ತು, ಹೋಗಿ ಕೇಳು ಅಂತ ನಂಬರ್ ಕೊಟ್ರು."

ಪೂವಮ್ಮ ಶಾಲು ಸರಿಸಿ ಕತ್ತು ತೋರಿಸಿದಳು. ಸರ ಹಾಕಿದರೆ ಮುಚ್ಚಿಹೋಗುವಂಥ ತೆಳ್ಳನೆಯ ಗೆರೆ.

"ಮಿಲಿಟರಿ ಆಸ್ಪತ್ರೇಲಿ ಮಾಡಿದ್ದು. ಎದೆ ಡವಗುಟ್ಟೋದು, ಎಷ್ಟು ತಿಂದರೂ ಕಡ್ಡಿ ಆಗೋದು, ಎಲ್ಲ ಇತ್ತು ನನಗೂ. ಸಿಟ್ಟು ಅಂದರೆ ಸಿಟ್ಟು! ನಿನ್ನ ಮಾವನ ತಲೆಗೆ ಒಂದು ಸಲ ಕುಕ್ಕರಿನ ಮುಚ್ಚಳ ಎಸೆದಿದ್ದೆ. ಪುಣ್ಯಕ್ಕೆ ಬಗ್ಗಿದರು."

ಅಕ್ಷಿತಾ ನಕ್ಕುಬಿಟ್ಟಳು. ಆ ಕಣ್ಣುಗಳಲ್ಲಿ ನಗು ಸರಿಯಾಗಿ ಕೂರುತ್ತಿರಲಿಲ್ಲವಾದರೂ ಅದು ನಗುವೆಂದು ಪೂವಮ್ಮನಿಗೆ ತಿಳಿಯಿತು.

"ನಾನು ಕೆಟ್ಟವಳಾಗ್ತಿದ್ದೀನಿ ಅಂದ್ಕೊಂಡಿದ್ದೆ ಅತ್ತೆ. ಧನ್ಯಾ ಅಂತ ನನ್ನ ಫ್ಲಾಟ್‌ಮೇಟು, ಪಾಪ, ಗ್ಲಾಸು ಜೋರಾಗಿ ಇಟ್ಟಳು ಅಂತ ಅವಳ ಮೇಲೆ ಕಿರುಚಾಡಿಬಿಟ್ಟೆ."

"ಕೆಟ್ಟವಳಲ್ಲ. ರೋಗ ಅದು. ನನಗೆ ಇದನ್ನ ಹೇಳೋರು ಯಾರೂ ಇರಲಿಲ್ಲ."

ಮಾತು ಹೀಗೆ ಹಗುರಾಗಿ ಸಾಗಿದ್ದಾಗ ಅಕ್ಷಿತಾ ತಡೆತಡೆದು, "ಇನ್ನೊಂದು ಇದೆ," ಎಂದು ಜೀನ್ಸಿನ ತುದಿಯನ್ನು ಮಡಚಿದಳು. ಎಡಗಾಲಿನ ಮುಂಭಾಗದಲ್ಲಿ, ಮೊಣಕಾಲಿಗೂ ಪಾದಕ್ಕೂ ನಡುವೆ, ಹಳೇ ರೂಪಾಯಿಯಷ್ಟಗಲ ಚರ್ಮ ಉಬ್ಬಿ ದಪ್ಪಗಾಗಿತ್ತು. ಕಂದು ಬೆರೆತ ಕೆಂಪು ಬಣ್ಣ. ಅದರ ಮೇಲೆ ರೋಮದ ಬುಡಗಳು ಒಂದೊಂದೂ ಗುಳಿಬಿದ್ದು, ಕಿತ್ತಳೆಯ ಸಿಪ್ಪೆಯಂತೆ ಕಾಣುತ್ತಿತ್ತು.

"ಸೊಳ್ಳೆ ಕಚ್ಚಿದ್ದು ಅಂದ್ಕೊಂಡಿದ್ದೆ. ಹೋಗ್ತಾನೇ ಇಲ್ಲ. ನೋವೂ ಇಲ್ಲ. ನಿಮಗೂ ಹೀಗೇನಾದರೂ ಆಗಿತ್ತಾ?"

ಪೂವಮ್ಮ ಆ ಕಾಲಿನ ಮೇಲೆ ಬಗ್ಗಿದಳು. ಆಪರೇಷನ್ ಆದ ಮಾರನೇ ವರ್ಷ ಅದೇ ಜಾಗದಲ್ಲಿ, ಅದೇ ಬಣ್ಣದಲ್ಲಿ, ಅದೇ ಕಿತ್ತಳೆ ಸಿಪ್ಪೆ ಆಕೆಗೂ ಬಂದಿತ್ತು. ಈಗ ಸಲ್ವಾರಿನ ಒಳಗೆ ಇರುವುದನ್ನು ತೋರಿಸಿದರೆ ಈ ಹುಡುಗಿ ಏನಾಗುತ್ತಾಳೆ? ತನ್ನ ಮುಂದಿನ ದಿನಗಳೇ ಎದುರಿಗೆ ಬಂದು ನಿಂತ ಹಾಗೆ ಕಾಣುವುದಿಲ್ಲವೇ?

"ಇಲ್ಲ. ನನ್ನದು ಬೇರೆ. ಕಾಲು ಊತ," ಎಂದಳು. "ಆದರೆ ನೀನು ಇದನ್ನ ಡಾಕ್ಟರಿಗೆ ತೋರಿಸು. ತಡ ಮಾಡಬೇಡ."

ಸಂಜೆ ಹುಡುಗಿ ಹೊರಟುಹೋದ ಮೇಲೆ ಪೂವಮ್ಮ ಹೊಲಿಗೆಗೆ ಕೂತಳು. ಕೈ ಓಡಲಿಲ್ಲ.

ಮಾಚಯ್ಯನ ಮದುವೆಗೆ ಊರಿಗೆ ಹೋದಾಗ ಎರಡೂ ಕಾಲು ಕಂಬದ ಹಾಗೆ ಆಗತೊಡಗಿದ್ದವು. ಅಂಗಳದಲ್ಲಿ ನೀರು ಚೆಲ್ಲಿತ್ತೆಂದು ಸೀರೆ ಎತ್ತಿ ದಾಟುವಾಗ ಬೀಗರ ಕಡೆಯ ಹೆಂಗಸೊಬ್ಬಳು ನೋಡಿದಳು. "ಆನೆಕಾಲು" ಎಂಬ ಮಾತು ಮಂಟಪದಿಂದ ಅಡುಗೆಮನೆಗೆ ಹೋಗಲು ಹೊತ್ತು ಹಿಡಿಯಲಿಲ್ಲ. ಪೇಟೆಯ ಒಬ್ಬ ವೈದ್ಯರೂ ಸೀರೆಯ ಮೇಲಿಂದಲೇ ಕಣ್ಣಾಡಿಸಿ ಅದನ್ನೇ ಹೇಳಿ ಮಾತ್ರೆ ಬರೆದುಕೊಟ್ಟರು. ವಾಕರಿಕೆ ಬಂತೇ ಹೊರತು ಕಾಲು ಇಳಿಯಲಿಲ್ಲ. ಎರಡು ವರ್ಷ ಬಿಟ್ಟು ತಮ್ಮನಿಗೆ ಮಗಳು ಹುಟ್ಟಿದಾಗ ಪೂವಮ್ಮ ತಾನೇ ಹೊಲಿದ ಕುಲಾವಿ, ಅಂಗಿ ತೆಗೆದುಕೊಂಡು ಮತ್ತೆ ಹೋಗಿದ್ದಳು. ಆಕೆಗೆ ಮಕ್ಕಳಿರಲಿಲ್ಲ. ಮಗುವನ್ನು ಎತ್ತಿಕೊಳ್ಳಲು ಕೈ ಚಾಚಿದಾಗ ಬಾಣಂತಿ ತಂಗಮ್ಮ ಮಗುವನ್ನು ಎದೆಗವುಚಿಕೊಂಡು, "ಬೇಡ ಅಕ್ಕ, ಹಸುಗೂಸು. ನಿಮ್ಮ ಕಾಯಿಲೆ..." ಎಂದಿದ್ದಳು. ಗಟ್ಟಿಯಾಗೇನೂ ಅಂದಿರಲಿಲ್ಲ. ಅತ್ತುಕೊಂಡೇ ಅಂದಿದ್ದಳು. ಅವತ್ತು ರಾತ್ರಿ ಪೂವಮ್ಮನ ಚಾಪೆಯನ್ನು ಬೇರೆ ಕೋಣೆಯಲ್ಲಿ ಹಾಸಿದ್ದರು. ಮರುದಿನವೇ ಉತ್ತಯ್ಯ ಪೆಟ್ಟಿಗೆ ಕಟ್ಟಿದ. ನಿವೃತ್ತಿಯಾದ ಮೇಲೂ ಊರಿನ ಮಾತೆತ್ತದೆ, ಘಾಜಿಯಾಬಾದಿನ ಕಾರ್ಖಾನೆಯೊಂದರಲ್ಲಿ ಸೆಕ್ಯುರಿಟಿ ಕೆಲಸ ಹಿಡಿದು ಇಲ್ಲೇ ಉಳಿದ.

ಆ ಹಸುಗೂಸೇ ಇವತ್ತು ಸೋಫಾದ ಮೇಲೆ ಕುಳಿತು ಟೀ ಕುಡಿದು ಹೋದದ್ದು.

ಪೂವಮ್ಮ ಬಾಗಿಲ ಚಿಲಕ ಹಾಕಿದಳು. ದೀಪದ ಕೆಳಗೆ ಕುಳಿತು ಸಲ್ವಾರು ಮೇಲೆತ್ತಿದಳು. ಮೊಣಕಾಲಿನಿಂದ ಹಿಮ್ಮಡಿಯವರೆಗೆ ಒಂದೇ ಗಾತ್ರ, ಗಂಟುಗಂಟು, ಮಡಿಕೆಮಡಿಕೆ, ಮರದ ತೊಗಟೆಯಂತೆ ಒರಟು. ಎಷ್ಟೋ ವರ್ಷಗಳಿಂದ ಅದನ್ನು ತೊಳೆದಿದ್ದಳು, ಎಣ್ಣೆ ಹಚ್ಚಿದ್ದಳು, ಮುಚ್ಚಿದ್ದಳು. ನೋಡಿರಲಿಲ್ಲ. ಈಗ ನೋಡಿದಳು. ಮೊಣಕಾಲಿನ ಹತ್ತಿರ, ಗಂಟುಗಳು ಮುಗಿಯುವ ಅಂಚಿನಲ್ಲಿ, ಅಂಗೈಯಗಲ ಜಾಗದ ಚರ್ಮ ಇನ್ನೂ ಹಳೇ ರೂಪದಲ್ಲೇ ಇತ್ತು. ಕಂದು ಬೆರೆತ ಕೆಂಪು; ಗುಳಿಬಿದ್ದ ರೋಮದ ಬುಡಗಳು.

ಬೇರೆಯೆಂದು ಆಕೆ ಹುಡುಗಿಗೆ ಹೇಳಿದ್ದು ಸುಳ್ಳು. ಸುಳ್ಳೆಂದು ಹೇಳುವಾಗಲೇ ಗೊತ್ತಿತ್ತು. ಗೊತ್ತಿಲ್ಲದೆ ಇದ್ದದ್ದು ಇಷ್ಟೇ: ಎರಡೂ ಒಂದೇ ಆಗಿದ್ದರೆ, ಥೈರಾಯ್ಡಿನ ಹುಡುಗಿಗೆ ಆನೆಕಾಲು ಎಲ್ಲಿಂದ ಬಂತು?

ಬೆಳಗಾಗುತ್ತಲೇ ಫೋನು ಮಾಡಿದಳು. "ಅಕ್ಷಿತಾ, ಚರ್ಮದ ಡಾಕ್ಟರ ಹತ್ತಿರ ಯಾವಾಗ ಹೋಗ್ತೀಯಾ? ನಾನೂ ಬರ್ತೀನಿ."

"ನೀವ್ಯಾಕೆ ಅತ್ತೆ, ಇಷ್ಟು ದೂರ? ಚಳಿ ಬೇರೆ."

"ಬರ್ತೀನಿ ಅಂದೆನಲ್ಲ," ಎಂದಳು ಪೂವಮ್ಮ.

ದಕ್ಷಿಣ ದಿಲ್ಲಿಯ ಆ ದೊಡ್ಡ ಆಸ್ಪತ್ರೆಯಲ್ಲಿ ಜನ ಗೋಡೆಗೆ ಒರಗಿ, ನೆಲದ ಮೇಲೆ ಕುಳಿತು, ಕಿತ್ತಳೆ ಸುಲಿದು ತಿನ್ನುತ್ತ ಸರದಿಗಾಗಿ ಕಾದಿದ್ದರು. ಚರ್ಮದ ಡಾಕ್ಟರು ನಡುವಯಸ್ಸಿನ ಹೆಂಗಸು. ಅಕ್ಷಿತಾಳ ಕಣ್ಣನ್ನು ನೋಡಿದವರೇ ಕಾಲು ತೋರಿಸುವ ಮುಂಚೆಯೇ, "ಶಿನ್ ಪೇ ಕುಛ್ ನಿಕಲಾ ಹೈ ಕ್ಯಾ?" ಎಂದು ಮೊಣಕಾಲಿನ ಕೆಳಗಿನ ಚರ್ಮದ ಬಗ್ಗೆ ಕೇಳಿದರು. ಉಬ್ಬಿದ ಚರ್ಮವನ್ನು ಬೆರಳಿನಿಂದ ಒತ್ತಿ, ಬಿಟ್ಟು, ಮತ್ತೆ ಒತ್ತಿ ನೋಡಿದರು. ನೀರು ತುಂಬಿದ ಊತದಲ್ಲಿ ಬೀಳುವ ಗುಳಿ ಬೀಳಲಿಲ್ಲ.

"ನೋಡಿ," ಎಂದು ಹಿಂದಿಯಲ್ಲಿ ನಿಧಾನಕ್ಕೆ ವಿವರಿಸಿದರು. "ನಿಮ್ಮ ಶರೀರ ಥೈರಾಯ್ಡನ್ನ ಕೆರಳಿಸೋ ಒಂದು ವಸ್ತು ತಯಾರು ಮಾಡ್ತಿದೆ. ಅದು ಅಲ್ಲಿಗೇ ನಿಲ್ಲಲ್ಲ. ಕೆಲವರಲ್ಲಿ ಕಣ್ಣಿನ ಹಿಂದೆ ಹೋಗುತ್ತೆ. ಇನ್ನೂ ಕೆಲವೇ ಕೆಲವರಲ್ಲಿ ಕಾಲಿನ ಚರ್ಮಕ್ಕೆ ಬರುತ್ತೆ. ಅಲ್ಲಿ ಲೋಳೆಯಂಥದ್ದು ತುಂಬಿಕೊಂಡು ಚರ್ಮ ದಪ್ಪ ಆಗುತ್ತೆ. ಥೈರಾಯ್ಡ್ ಹತೋಟಿಗೆ ಬಂದ ಮೇಲೂ, ಆಪರೇಷನ್ ಆದ ಮೇಲೂ ಬರಬಹುದು. ನಿಮ್ಮದು ಶುರುವಿನಲ್ಲೇ ಸಿಕ್ಕಿದೆ. ಮುಲಾಮು ಹಚ್ಚಿ ಮೇಲೆ ಪ್ಲಾಸ್ಟಿಕ್ ಸುತ್ತಿ ಮಲಗಬೇಕು. ಸಿಗರೇಟು ಸೇದ್ತೀರಾ?"

ಅಕ್ಷಿತಾ ಅತ್ತೆಯ ಕಡೆ ಕಳ್ಳನೋಟ ಬೀರಿದಳು. "ಕಭೀ ಕಭೀ."

"ಬಿಡಬೇಕು. ಇವತ್ತೇ. ಕಣ್ಣಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ."

ಪೂವಮ್ಮ ಇಷ್ಟು ಹೊತ್ತು ಗೋಡೆಯ ಬದಿಯ ಸ್ಟೂಲಿನ ಮೇಲೆ ಸುಮ್ಮನೆ ಕುಳಿತಿದ್ದಳು. ಆಪರೇಷನ್ ಆದ ಮೇಲೂ ಬರಬಹುದು ಎಂಬ ಮಾತು ಆಕೆಯ ಕಿವಿಯಲ್ಲೇ ಉಳಿದಿತ್ತು. ಹೊರಗೆ ಇನ್ನೊಬ್ಬರ ಹೆಸರು ಕೂಗಿದರು. ಅಕ್ಷಿತಾ ಚೀಲ ಹೆಗಲಿಗೇರಿಸಿ ಎದ್ದಳು. ಪೂವಮ್ಮ ಏಳಲಿಲ್ಲ. ಬಗ್ಗಿ ಬೂಟು ಕಳಚಿದಳು. ಎರಡೂ ಕೈಯಿಂದ ಸಲ್ವಾರನ್ನು ಮೊಣಕಾಲಿನವರೆಗೆ ಎತ್ತಿ ಹಿಡಿದಳು.

"ಡಾಕ್ಟರ್ ಸಾಹಿಬಾ, ಯೇ ಭೀ ದೇಖ್ ಲೀಜಿಯೇ."

ಪೂವಮ್ಮ ಅಕ್ಷಿತಾಳ ಮುಖದ ಕಡೆ ನೋಡಲೇ ಇಲ್ಲ. ನೋಡಿದ್ದರೆ ಕೈ ತಾನಾಗಿ ಕೆಳಗಿಳಿಯುತ್ತಿತ್ತು. ಡಾಕ್ಟರು ಮಾತ್ರ ಕುರ್ಚಿ ಸರಿಸಿಕೊಂಡು ಹತ್ತಿರ ಬಂದು, ಆ ಕಾಲನ್ನು ತಮ್ಮ ಮೊಣಕಾಲ ಮೇಲೆ ಎತ್ತಿಟ್ಟುಕೊಂಡರು. ಒಂದೊಂದು ಗಂಟನ್ನೂ ಮುಟ್ಟಿದರು. ಬೆರಳುಗಳ ಸಂದು ಬಿಡಿಸಿ ನೋಡಿದರು. ತಲೆಯೆತ್ತಿ ಪೂವಮ್ಮನ ಕಣ್ಣು ನೋಡಿದರು, ಕತ್ತಿನ ಗೆರೆ ನೋಡಿದರು.

"ಎಷ್ಟು ವರ್ಷ ಆಯ್ತು?"

"ಈ ಹುಡುಗಿಗಿಂತ ಹಳೇದು."

"ಏನು ಅಂದಿದ್ದರು?"

"ಫೈಲೇರಿಯಾ. ಹಾಥೀಪಾಂವ್," ಎಂದು ಪೂವಮ್ಮ ಆನೆಕಾಲಿಗೆ ಹಿಂದಿಯ ಹೆಸರು ಹೇಳಿದಳು.

ಡಾಕ್ಟರು ಕಾಲನ್ನು ಮೆಲ್ಲಗೆ ಕೆಳಗಿಳಿಸಿದರು. "ಟೆಸ್ಟ್ ಮಾಡಿಸ್ತೀನಿ. ರಕ್ತ ನೋಡಬೇಕು, ಚರ್ಮದ ಚೂರು ತೆಗೆದು ನೋಡಬೇಕು. ಅದಿಲ್ಲದೆ ಖಾತ್ರಿ ಹೇಳಬಾರದು. ಆದರೆ ಮಾತಾಜಿ, ನನಗೆ ಇದು ಹಾಥೀಪಾಂವ್ ಅನ್ನಿಸ್ತಿಲ್ಲ. ಮಗಳಿಗೆ ಇರೋದೇ ನಿಮಗೂ ಇರೋದು. ನಿಮ್ಮದು ಬೆಳೆಯೋದಕ್ಕೆ ಬಿಟ್ಟದ್ದು."

ಹೊರಗೆ ಬಂದು, ಟೀ ಅಂಗಡಿಯ ಎದುರಿನ ಕಟ್ಟೆಯ ಮೇಲೆ ಕುಳಿತಾಗ ಅಕ್ಷಿತಾ ಬಿಕ್ಕಿಬಿಕ್ಕಿ ಅತ್ತಳು. ಪೂವಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಹೆದರಬೇಡ. ನಿನಗೆ ಹೀಗಾಗಲ್ಲ. ಶುರುವಲ್ಲೇ ಸಿಕ್ಕಿದೆ ಅಂದರಲ್ಲ."

"ನನಗೋಸ್ಕರ ಅಳ್ತಿಲ್ಲ," ಎಂದಳು ಅಕ್ಷಿತಾ. ಮೂಗೊರೆಸಿಕೊಂಡು, ಸ್ವಲ್ಪ ಹೊತ್ತಾದ ಮೇಲೆ ಸೇರಿಸಿದಳು: "ಸ್ವಲ್ಪ ನನಗೋಸ್ಕರಾನೂ."

"ಮತ್ತೆ! ಅಳಬೇಕಾದ್ದೇ. ಭಯ್ಯಾ, ದೋ ಚಾಯ್ ಔರ್," ಎಂದು ಪೂವಮ್ಮ ಕೂಗಿದಳು.

ಫಲಿತಾಂಶ ಬರುವ ಹೊತ್ತಿಗೆ ಫೆಬ್ರವರಿಯ ಬಿಸಿಲು ಬಂದಿತ್ತು. ರಕ್ತದಲ್ಲಿ ಫೈಲೇರಿಯಾದ ಸುಳಿವಿರಲಿಲ್ಲ. ಚರ್ಮದ ಚೂರಿನಲ್ಲಿ ಡಾಕ್ಟರು ಹೇಳಿದ ಲೋಳೆಯೇ ತುಂಬಿತ್ತು. ಇಷ್ಟು ಹಳೆಯದಾದದ್ದು ಪೂರಾ ಹೋಗುವುದಿಲ್ಲ, ಮೆತ್ತಗಾಗಬಹುದು, ಭಾರ ಇಳಿಯಬಹುದು ಎಂದು ಅವರು ಮೊದಲೇ ಹೇಳಿಬಿಟ್ಟರು. ಪೂವಮ್ಮ ಅದಕ್ಕೆಲ್ಲ ತಲೆಯಾಡಿಸಿ, ಬೇರೊಂದು ಪ್ರಶ್ನೆ ಕೇಳಿದಳು.

"ಇದು ಬೇರೆಯವರಿಗೆ ಅಂಟುತ್ತಾ?"

"ಇಲ್ಲ."

"ಚಿಕ್ಕ ಮಗುವನ್ನ ಎತ್ತಿಕೊಂಡರೆ?"

"ಏನೂ ಆಗಲ್ಲ ಮಾತಾಜಿ. ಒಂದೇ ಹಾಸಿಗೇಲಿ ಮಲಗಿದ್ದರೂ ಆಗ್ತಿರಲಿಲ್ಲ. ನಿಜ ಹೇಳಬೇಕಂದರೆ ಹಾಥೀಪಾಂವ್ ಆಗಿದ್ದರೂ ಎತ್ತಿಕೊಂಡರೆ ಅಂಟ್ತಿರಲಿಲ್ಲ. ಅದು ಸೊಳ್ಳೆಯಿಂದ ಬರೋದು."

ಮೆಟ್ರೋದಲ್ಲಿ ಮರಳುವಾಗ ಅಕ್ಷಿತಾ, "ಯಾವ ಮಗು ಅತ್ತೆ?" ಎಂದು ಕೇಳಿದಳು. ಪೂವಮ್ಮ ಕಿಟಕಿಯಾಚೆ ಓಡುವ ಯಮುನೆಯ ಬೂದು ನೀರನ್ನೇ ನೋಡುತ್ತಿದ್ದಳು. ಹೇಳಬಾರದೆಂದುಕೊಂಡಿದ್ದರೂ ಶಹದಾರಾ ಬರುವಷ್ಟರಲ್ಲಿ ಎಲ್ಲ ಹೇಳಿದ್ದಳು. ಅಕ್ಷಿತಾ ಮೋಹನ್ ನಗರದಲ್ಲಿ ಇಳಿದು, ಎಸ್ಕಲೇಟರಿನ ಮುಂದೆ ಅತ್ತೆಯ ತೋಳಿಗೆ ತನ್ನ ತೋಳು ಸೇರಿಸಿಕೊಂಡಳು. ಆಮೇಲೆ ಅದನ್ನು ಬಿಡಲಿಲ್ಲ.

ಅಲ್ಲಿಂದ ಮುಂದೆ ಪ್ರತಿ ಶನಿವಾರ ಅವಳು ಬರತೊಡಗಿದಳು. ಮುಲಾಮು ಹಚ್ಚಿ, ಅಡುಗೆಮನೆಯ ತೆಳು ಪ್ಲಾಸ್ಟಿಕ್ಕು ಸುತ್ತಿ, ಅದರ ಮೇಲೆ ಬ್ಯಾಂಡೇಜನ್ನು ಪಾದದಿಂದ ಮೇಲಕ್ಕೆ ಬಿಗಿಯಾಗಿ ಕಟ್ಟುವುದನ್ನು ಆಸ್ಪತ್ರೆಯ ನರ್ಸಿನಿಂದ ಕಲಿತಿದ್ದಳು. ಮೊದಮೊದಲು ಪೂವಮ್ಮ ಕಾಲು ಕೊಡಲು ಒಪ್ಪುತ್ತಿರಲಿಲ್ಲ. "ಗ್ಲೌಸು ಹಾಕ್ಕೋ" ಎನ್ನುತ್ತಿದ್ದಳು. ಅಕ್ಷಿತಾ ಹಾಕಿಕೊಳ್ಳುತ್ತಿರಲಿಲ್ಲ. ವಾರದ ದಿನಗಳಲ್ಲಿ ಪೂವಮ್ಮ ತಾನೇ ಕಟ್ಟಿಕೊಳ್ಳುತ್ತಿದ್ದಳು. ಬಟ್ಟೆ ಬಿಗಿಯುವ ಕೈ; ನರ್ಸಿಗಿಂತ ಚೆನ್ನಾಗಿ ಬಂತು.

ಸಿಗರೇಟಿನ ವಿಷಯದಲ್ಲಿ ಮಾತ್ರ ಇಬ್ಬರಿಗೂ ಜಗಳವಾಯಿತು. ಬಾಲ್ಕನಿಯ ತುಳಸಿ ಕುಂಡದಲ್ಲಿ ಒಂದು ತುಂಡು ಸಿಕ್ಕಿದಾಗ ಪೂವಮ್ಮ ಕೂಗಾಡಿದಳು. ಅಕ್ಷಿತಾ ತಿರುಗಿ ಕೂಗಾಡಿದಳು. ಇಬ್ಬರ ದೊಡ್ಡ ಕಣ್ಣುಗಳೂ ಎದುರುಬದುರಾಗಿ ನಿಂತಾಗ, ಯಾರು ಮೊದಲು ನಕ್ಕರೋ ಗೊತ್ತಿಲ್ಲ, ಜಗಳ ಅಲ್ಲಿಗೇ ಮುಗಿಯಿತು. ಸಿಗರೇಟು ಅಷ್ಟು ಬೇಗ ಮುಗಿಯಲಿಲ್ಲ. ಬಿಟ್ಟು, ಹಿಡಿದು, ಮತ್ತೆ ಬಿಟ್ಟು, ಹೋಳಿ ಕಳೆದ ಮೇಲೆ ನಿಂತಿತು. ಅಕ್ಷಿತಾಳ ಕಣ್ಣಿಗೆಂದು ವಾರಕ್ಕೊಮ್ಮೆ ಇಂಜೆಕ್ಷನ್ ಕೊಡತೊಡಗಿದ್ದರು. ಕೆಂಪು ಇಳಿಯಿತು. ಉಬ್ಬು ಒಂದಿಷ್ಟು ಉಳಿಯಿತು.

ಏಪ್ರಿಲಿನಲ್ಲಿ ತಂಗಮ್ಮ ಮಗಳನ್ನು ನೋಡಲು ಗುರುಗ್ರಾಮಕ್ಕೆ ಬಂದಳು. ಶನಿವಾರ ಬೆಳಿಗ್ಗೆ ಮಗಳು ಹೊರಟು ನಿಂತಾಗ, ಎಲ್ಲಿಗೆಂದು ಕೇಳಿ, ಉತ್ತರ ಕೇಳಿಸಿಕೊಂಡು, ತಾನೂ ಚಪ್ಪಲಿ ಮೆಟ್ಟಿಕೊಂಡಳು.

ಬಾಗಿಲು ತೆರೆದ ಪೂವಮ್ಮನಿಗೆ ಮೊದಲು ಕಂಡದ್ದು ನಾದಿನಿಯ ಬೆಳ್ಳಗಾದ ತಲೆ. ಬಾಣಂತಿ ಮಂಚದ ಮೇಲೆ ಮಗುವನ್ನು ಅವುಚಿಕೊಂಡ ಇಪ್ಪತ್ತಮೂರರ ಹುಡುಗಿಯ ಮುಖವೇ ಆಕೆಯ ನೆನಪಿನಲ್ಲಿ ಉಳಿದಿತ್ತು. "ಬನ್ನಿ," ಎಂದಳು. ಬಹುವಚನ ತಾನಾಗಿ ಬಂದುಬಿಟ್ಟಿತು.

ಅಕ್ಷಿತಾ ಎಂದಿನಂತೆ ನೆಲದ ಮೇಲೆ ಕುಳಿತು ಅತ್ತೆಯ ಕಾಲನ್ನು ಮಡಿಲಿಗೆಳೆದುಕೊಂಡು ಹಳೇ ಬ್ಯಾಂಡೇಜು ಬಿಚ್ಚಿದಳು. ಬರಿಗೈ. ತಂಗಮ್ಮ ಸೋಫಾದ ತುದಿಯಲ್ಲಿ ಕುಳಿತು ನೋಡಿದಳು. ಬೆಚ್ಚಿ ಹಿಂದಕ್ಕೆ ಸರಿಯಲಿಲ್ಲ. ಆದರೆ ಕೈಯಲ್ಲಿದ್ದ ಲೋಟದ ನೀರನ್ನು ಕುಡಿಯಲೂ ಇಲ್ಲ.

"ಮಮ್ಮಿ, ಡಾಕ್ಟರ್ ಹೇಳಿದ್ದು ನಿಂಗೆ ಹೇಳಿದ್ದೆನಲ್ಲ. ಇದು..."

"ಹೇಳಿದ್ದೆ," ಎಂದಳು ತಂಗಮ್ಮ. ಆಮೇಲೆ ಪೂವಮ್ಮನ ಕಡೆ ತಿರುಗಿ, "ಅಕ್ಕ, ಇವಳು ಫೋನಲ್ಲಿ ಕಾಲು ತೋರಿಸಿದ ದಿನ ನನಗೆ ಜೀವ ಹೋದ ಹಾಗಾಯ್ತು. ಆಫೀಸಿನವರು ಇವಳನ್ನ ದೂರ ಕೂರಿಸ್ತಾರಾ, ಯಾರಾದರೂ ಏನಾದರೂ ಅಂತಾರಾ ಅಂತ ಇಡೀ ದಿನ ಅದೇ ಯೋಚನೆ. ಆಗ ನಿಮ್ಮ ನೆನಪು ಬಂತು. ಅದಕ್ಕೂ ಮುಂಚೆ ಡಾಕ್ಟರು ಕೇಳಿದಾಗ, ನಿಮ್ಮ ಕುತ್ತಿಗೆ ಆಪರೇಷನ್ ಗೊತ್ತಿದ್ದೂ ಯಾರಿಗೂ ಇಲ್ಲ ಅಂದೆ. ನಿಮ್ಮ ಹೆಸರು ಹೇಳಿದರೆ ಇವಳಿಗೂ ಅದೇ ಬರುತ್ತೆ ಅನ್ನೋ ಭಯ," ಎಂದಳು.

ಪೂವಮ್ಮನ ಹತ್ತಿರ ಈ ಮಾತಿಗೆ ಏನು ಹೇಳಬೇಕೆಂದು ಮೂವತ್ತು ವರ್ಷ ಯೋಚಿಸಿ ಇಟ್ಟುಕೊಂಡದ್ದೆಲ್ಲ ಇತ್ತು. ಈಗ ಹುಡುಕಿದರೆ ಅದರಲ್ಲಿ ಒಂದೂ ಹೊಂದುವಂತಿರಲಿಲ್ಲ.

"ಆನೆಕಾಲು ಅಂತ ನಾನೂ ನಂಬಿದ್ದೆ," ಎಂದಳು ಕೊನೆಗೆ. "ನಿನ್ನ ಜಾಗದಲ್ಲಿ ನಾನಿದ್ದಿದ್ದರೂ ಮಗು ಕೊಡ್ತಿರಲಿಲ್ಲವೋ ಏನೋ. ಆದರೆ ಚಾಪೆ ಬೇರೆ ಹಾಕಿದಿರಿ ನೋಡು, ಅದು ಬೇಡವಾಗಿತ್ತು."

ತಂಗಮ್ಮನ ಕಣ್ಣು ತುಂಬಿತು. "ಹೌದು. ಬೇಡವಾಗಿತ್ತು." ಲೋಟ ಕೆಳಗಿಟ್ಟು ಸೋಫಾದಿಂದಿಳಿದು ಮಗಳ ಪಕ್ಕ ಕುಳಿತಳು. "ಇನ್ನೊಂದು ಕಾಲಿಗೆ ನಾನು ಕಟ್ಟಲಾ?"

"ಇವತ್ತು ಬೇಡ ತಂಗಮ್ಮ," ಎಂದಳು ಪೂವಮ್ಮ. ಸಿಟ್ಟಿನಿಂದ ಅಂದದ್ದಲ್ಲ. ನಾದಿನಿಯ ಕೈ ತನ್ನ ಕಾಲಿನ ಮೇಲೆ ಬೀಳುವುದನ್ನು ಆಕೆಯ ಮನಸ್ಸು ಇನ್ನೂ ತಾಳುವಂತಿರಲಿಲ್ಲ, ಅಷ್ಟೆ. "ಅಡುಗೆಮನೇಲಿ ಅಕ್ಕಿಹಿಟ್ಟಿದೆ. ರೊಟ್ಟಿ ತಟ್ಟು. ಈ ಊರಲ್ಲಿ ಬೇರೆಯವರು ತಟ್ಟಿದ ರೊಟ್ಟಿ ತಿಂದು ಎಷ್ಟು ಕಾಲ ಆಯ್ತೋ."

ತಂಗಮ್ಮ ಎದ್ದು ಹೋಗಿ ತಟ್ಟಿದಳು. ಮೊದಲೆರಡು ಹರಿದುಹೋದವು. ಮೂವರೂ ಬಾಲ್ಕನಿಯ ಬಾಗಿಲ ಹತ್ತಿರ ಕುಳಿತು ಹರಿದದ್ದನ್ನೂ ಸೇರಿಸಿ ತಿಂದರು. ಊರಿನ ವಿಷಯ, ಮಾಚಯ್ಯನ ಮಂಡಿನೋವು, ಮೆಣಸಿನ ಬಳ್ಳಿಗೆ ಬಂದ ಕೊಳೆರೋಗ ಹೀಗೆ ಏನೇನೋ ಮಾತು ಬಂತು. ಹೊರಡುವಾಗ ತಂಗಮ್ಮ, "ಇನ್ನೊಂದು ಸಲ ಬರ್ತೀನಿ ಅಕ್ಕ, ಊರಿಗೆ ಹೋಗೋ ಮುಂಚೆ," ಎಂದಳು. "ಬಾ," ಎಂದಳು ಪೂವಮ್ಮ.

ಮಳೆಗಾಲ ಶುರುವಾದಾಗ ಆಸ್ಪತ್ರೆಯ ಸರದಿ ಮತ್ತೆ ಬಂತು. ಅಕ್ಷಿತಾಳ ಕಾಲಿನ ಉಬ್ಬು ಅಷ್ಟರಲ್ಲಿ ಮಾಸಿ, ಹುಡುಕಿ ತೋರಿಸಬೇಕಾದಷ್ಟು ಸಣ್ಣದಾಗಿತ್ತು. ಆಫೀಸಿನ ಮೀಟಿಂಗಿನಲ್ಲಿ ಕ್ಯಾಮೆರಾ ಹಾಕಿಕೊಂಡು ಕೂರುತ್ತಿದ್ದಳು. ಕೋಪವೇ ಎಂದು ಯಾರಾದರೂ ಕೇಳಿದರೆ, "ನಹೀಂ, ಥೈರಾಯ್ಡ್," ಎಂದು ಹೇಳಿ ಮಾತು ಮುಂದುವರಿಸುತ್ತಿದ್ದಳು. ಪೂವಮ್ಮನ ಕಾಲು ಕಾಲಿನ ಆಕಾರಕ್ಕೆ ಮರಳಿರಲಿಲ್ಲ. ಆದರೆ ಮೆಟ್ಟಿಲೇರುವಾಗ ಭಾರ ಕಡಿಮೆಯಾಗಿತ್ತು, ಹಿಮ್ಮಡಿಯ ಹತ್ತಿರ ಕಾಲು ಸ್ವಲ್ಪ ಸಣ್ಣಗಾಗಿತ್ತು. ಡಾಕ್ಟರು ಟೇಪು ಹಿಡಿದು ಅಳೆದು, "ಬಹುತ್ ಅಚ್ಛಾ," ಎಂದರು. ಆಮೇಲೆ ತುಸು ಹಿಂಜರಿದರು.

"ಮಾತಾಜಿ, ಒಂದು ಮಾತು. ಹೊರಗೆ ನನ್ನ ವಿದ್ಯಾರ್ಥಿಗಳಿದ್ದಾರೆ. ಇಂಥದ್ದನ್ನ ಅವರು ಪುಸ್ತಕದಲ್ಲಿ ಮಾತ್ರ ನೋಡಿರೋದು. ನಿಮಗೆ ಇಷ್ಟ ಇಲ್ಲದಿದ್ದರೆ ಬೇಡ ಅನ್ನಿ, ಏನೂ ಬೇಜಾರಿಲ್ಲ."

ಅಕ್ಷಿತಾ ಬಾಯಿ ತೆರೆಯುವಷ್ಟರಲ್ಲೇ ಪೂವಮ್ಮ, "ಕರೀರಿ," ಎಂದಳು.

ಬಿಳಿ ಕೋಟಿನ ಹುಡುಗ ಹುಡುಗಿಯರು ಒಳಗೆ ಬಂದು ಅರ್ಧಚಂದ್ರಾಕಾರವಾಗಿ ನಿಂತರು. ಪೂವಮ್ಮ ಮೇಜಿನ ಮೇಲೆ ಕಾಲು ಚಾಚಿ ಕುಳಿತಿದ್ದಳು. ಅವರ ಮುಖಗಳಲ್ಲಿ ಮೊದಲು ಮೂಡಿದ್ದನ್ನು ಆಕೆ ಗುರುತಿಸಿದಳು. ಅದು ಎಲ್ಲರ ಮುಖದಲ್ಲೂ ಮೂಡುವಂಥದ್ದೇ. ಸ್ವಲ್ಪ ಹೊತ್ತು ಅದು ಕಳೆಯಲೆಂದು ಬಿಟ್ಟಳು.

"ಇದು ಏನು?" ಎಂದು ಡಾಕ್ಟರು ಕೇಳಿದರು.

ಮುಂದೆ ನಿಂತಿದ್ದ ಕನ್ನಡಕದ ಹುಡುಗಿ ಹೆದರುತ್ತಲೇ, "ಫೈಲೇರಿಯಾಸಿಸ್, ಮ್ಯಾಮ್?" ಎಂದಳು.

"ನಹೀಂ ಬೇಟಾ," ಎಂದದ್ದು ಡಾಕ್ಟರಲ್ಲ, ಪೂವಮ್ಮ. ಗಂಡನ ಜೊತೆ ದೇಶವೆಲ್ಲ ಸುತ್ತಿ ಕಲಿತ ಫೌಜಿ ಹಿಂದಿಯಲ್ಲಿ ಗಟ್ಟಿಯಾಗಿ ಹೇಳಿದಳು. "ದೂರದಿಂದ ನೋಡಿದರೆ ಹಾಗೇ ಅನ್ನಿಸುತ್ತೆ. ಮೊದಲು ರೋಗಿಯ ಕಣ್ಣು ನೋಡು. ಆಮೇಲೆ ಕತ್ತು ನೋಡು. ಆಮೇಲೆ ಕಾಲಿಗೆ ಬಾ."

ಹುಡುಗಿ ಆಕೆಯ ಕಣ್ಣು ನೋಡಿದಳು. ಕತ್ತು ನೋಡಿದಳು. ಅವಳ ಮುಖದಲ್ಲಿ ಏನೋ ಹೊಳೆಯಿತು.

"ಈಗ ಒತ್ತಿ ನೋಡು. ಹತ್ತಿರ ಬಾ, ಹೆದರಬೇಡ. ಗುಳಿ ಬೀಳುತ್ತಾ?"

ಹುಡುಗಿ ಬಗ್ಗಿ, ಹೆಬ್ಬೆರಳಿನಿಂದ ಆ ಒರಟು ಚರ್ಮವನ್ನು ಮೆತ್ತಗೆ ಒತ್ತಿದಳು.

"ಇನ್ನೂ ಜೋರಾಗಿ," ಎಂದಳು ಪೂವಮ್ಮ. "ನೋವಾಗಲ್ಲ."